ನಡುಮನೆಯ ಸಮುದ್ರಕ್ಕೆ ಪಾಚಿ ಹಿಡಿದದ್ದು

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳ ಕೊಡುವವರನ್ನು ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. "ನಲ್ಲೀಲಿ ನೀರು ಯಾವಾಗ ಬರುತ್ತೆ?" ಎಂದು ಯಾರೇ ಬಂದು ಕೂಗಾಡಿದರೂ ಆತ ಕನ್ನಡಕ ತೆಗೆದು, ಅದನ್ನು ಒರೆಸಿ, ಮತ್ತೆ ಹಾಕಿಕೊಂಡು, "ಬರುತ್ತಪ್ಪ, ಬರುತ್ತೆ" ಎನ್ನುತ್ತಿದ್ದ. ಕೇಳಿದವರು ಹೆಂಗಸರಾಗಿದ್ದರೂ ಉತ್ತರ ಅದೇ. ಹೀಗಾಗಿ ಊರಿನ ಬಾಯಲ್ಲಿ ಅವನು ಬರುತ್ತಪ್ಪನಾದ. ಕೊನೆಗೆ ಹೆಂಡತಿಯೂ ಪಕ್ಕದವರ ಜೊತೆ ಮಾತಾಡುವಾಗ "ನಮ್ಮ ಬರುತ್ತಪ್ಪನೋರು" ಎಂದು ಹೇಳಿ ನಾಲಿಗೆ ಕಚ್ಚಿಕೊಳ್ಳುವಷ್ಟರ ಮಟ್ಟಿಗೆ ಆ ಹೆಸರು ಗಟ್ಟಿಯಾಯಿತು.

ಬರುತ್ತಪ್ಪ ಸಾಧು. ಯಾರ ತಂಟೆಗೂ ಹೋಗುವವನಲ್ಲ. ಆದರೆ ಎಂಥ ಸಾಧುವಿನ ಎದೆಯಲ್ಲೂ ಒಂದು ಮುಳ್ಳು ಇರುತ್ತದೆ. ಬರುತ್ತಪ್ಪನ ಮುಳ್ಳು ಅವನ ಷಡ್ಡಕ. ಆ ಷಡ್ಡಕನ ಮನೆಯಲ್ಲಿ ಮಾವ ಇದ್ದರು. ಆಯುಷ್ಯವಿಡೀ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿಕೊಂಡು ಲೋಕ ಸುತ್ತಿದವರು, ಹೆಂಡತಿ ತೀರಿಕೊಂಡ ಮೇಲೆ ಹಿರಿಮಗಳ ಮನೆಯಲ್ಲಿ ನೆಲೆಯಾಗಿದ್ದರು. ಒಮ್ಮೆ ಅಕ್ಕನನ್ನು ನೋಡಿಕೊಂಡು ಬಂದ ಬರುತ್ತಪ್ಪನ ಹೆಂಡತಿ ಸುದ್ದಿ ಹೇಳಿದಳು.

"ಭಾವ ಮೀನಿನ ತೊಟ್ಟಿ ತಂದಿದಾರೆ ರೀ. ಅಪ್ಪ ಊಟಕ್ಕೆ ಕೂರೋದೂ ಅದರ ಎದುರಿಗೇನೆ."

"ಎಂಥ ಮೀನು?"

"ಬಂಗಾರದ ಬಣ್ಣದ್ದು."

"ಸಿಹಿನೀರಿಂದು," ಎಂದ ಬರುತ್ತಪ್ಪ. ಹಡಗಿನಲ್ಲಿ ಬಾಳಿದವರಿಗೆ ಕೆರೆಮೀನು ತೋರಿಸಿ ಸಮಾಧಾನ ಮಾಡುವುದು ಎಂಥ ಸಣ್ಣತನ ಎಂಬ ಭಾವ ಆ ಒಂದು ಪದದಲ್ಲಿತ್ತು. "ಕಣ್ಣಿನ ಆಪರೇಷನ್ನಿಗೆ ಅಂತ ಇಲ್ಲಿಗೆ ಬರ್ತಾರಲ್ಲ ಮಾವ, ಅಷ್ಟರಲ್ಲಿ ನಾವು ಸಮುದ್ರನೇ ತರೋಣ."

ಹೆಂಡತಿ ಆಗ ಯಾರದೋ ಅಂಗಿ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡಿದ್ದರಿಂದ ಅವಳಿಗೆ ಮಾತಾಡಲಾಗಲಿಲ್ಲ. ಬರುತ್ತಪ್ಪ ಅದನ್ನು ಒಪ್ಪಿಗೆ ಎಂದು ತಿಳಿದ. ಸಂಸಾರಗಳಲ್ಲಿ ಎಷ್ಟೋ ದೊಡ್ಡ ತೀರ್ಮಾನಗಳು ಹೀಗೆಯೇ ಆಗುತ್ತವೆ.

ಮೀನಿನ ಅಂಗಡಿಯವನು ಸಣಕಲು ಆಳು, ಮಾತು ಮಾತ್ರ ಡಾಕ್ಟರರಂತೆ.

"ಮೊದಲು ಮರಳು, ಕಲ್ಲು, ಉಪ್ಪು ಬೆರೆಸಿದ ನೀರು. ತಿಂಗಳುಗಟ್ಟಲೆ ಹಾಗೇ ಬಿಡಬೇಕು ಸಾರ್. ನೀರು ಹದಕ್ಕೆ ಬಂದ ಮೇಲೆ ಒಂದು ಮೀನು. ಹವಳ ಆಮೇಲೆ."

"ಹದಕ್ಕೆ ಬರೋದು ಅಂದ್ರೆ?"

"ಹೊಸ ಸಂಸಾರ ಇದ್ದ ಹಾಗೆ. ಮೊದಮೊದಲು ಎಲ್ಲಾ ಏರುಪೇರು. ಕಂದು ಪಾಚಿ ಬರುತ್ತೆ, ಹಸಿರು ಪಾಚಿ ಬರುತ್ತೆ, ಗಾಬರಿ ಬೀಳಬಾರದು. ನಲ್ಲಿ ನೀರು ಮಾತ್ರ ಹಾಕಬೇಡಿ. ಅದರಲ್ಲಿರೋ ಚೂರುಪಾರೆಲ್ಲಾ ಪಾಚಿಗೆ ಗೊಬ್ಬರ. ಚೆನ್ನಾಗಿ ಫಿಲ್ಟರ್ ಮಾಡಿದ ನೀರೇ ಆಗಬೇಕು."

ಬರುತ್ತಪ್ಪನ ಮುಖ ಗಂಭೀರವಾಯಿತು. "ಯಾವ ನಲ್ಲಿ ಬಗ್ಗೆ ಹೇಳ್ತಿದೀರಿ?"

"ನಮ್ಮೂರ ನಲ್ಲೀನೇ ಸಾರ್."

"ನಾನು ಆ ಇಲಾಖೆಯವನು."

ಹುಡುಗನ ದುರ್ಗುಣಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಎದುರಿಗೆ ಕೂತವರು ಹುಡುಗನ ತಾಯಿ ಎಂದು ಗೊತ್ತಾದವನ ಹಾಗೆ ಅಂಗಡಿಯವನು ಸುಮ್ಮನಾದ. ಬರುತ್ತಪ್ಪ ತೊಟ್ಟಿ, ಕಲ್ಲು, ಉಪ್ಪಿನ ಚೀಲ, ನೀಲಿ ದೀಪ ಎಲ್ಲವನ್ನೂ ಹೊರಿಸಿಕೊಂಡು ಬಂದು, ಇಲಾಖೆಯ ಮಾನ ಕಾಪಾಡುವುದಕ್ಕಾಗಿ ನಲ್ಲಿ ನೀರನ್ನೇ ತುಂಬಿದ. ಕಿಟಕಿಯ ಬೆಳಕಿನಲ್ಲಿದ್ದ ಹೆಂಡತಿಯ ಹೊಲಿಗೆ ಯಂತ್ರ ಮಲಗುವ ಕೋಣೆಗೆ ವರ್ಗವಾಯಿತು. ತಿಂಗಳುಗಟ್ಟಲೆ ಕಾಯಲು ಪುರಸೊತ್ತಿರಲಿಲ್ಲ. ಮಾವ ಬರುವ ಮೊದಲೇ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಮೀನು, ಹೆಬ್ಬೆರಳಷ್ಟು ಹವಳದ ಒಂದು ತುಂಡು ಬಂದು ಸೇರಿದವು.

ಸಮುದ್ರ ನೋಡಲು ಮೊದಲು ಬಂದವರು ಕೆಳಮನೆಯ ಟೀಚರಮ್ಮ. ನಿವೃತ್ತರಾಗಿ ಬಹಳ ವರ್ಷಗಳಾಗಿದ್ದರೂ ಬೀದಿಯನ್ನೆಲ್ಲ ಇನ್ನೂ ಒಂದು ತರಗತಿ ಎಂದೇ ತಿಳಿದವರು.

"ಸಮುದ್ರದ ಮೀನು ನಲ್ಲಿ ನೀರಲ್ಲಿ ಬದುಕುತ್ತೇನ್ರೀ?"

ಬರುತ್ತಪ್ಪ ಉಪ್ಪಿನ ಚೀಲವನ್ನು ಕಾಲಿನಿಂದ ಮೆಲ್ಲಗೆ ಮೇಜಿನ ಕೆಳಗೆ ತಳ್ಳಿದ. "ನಮ್ಮ ಇಲಾಖೆ ನೀರು ಟೀಚರಮ್ಮ. ಅಷ್ಟು ಶುದ್ಧ. ಇದರಲ್ಲಿ ಯಾವ ಮೀನಾದ್ರೂ ಬದುಕುತ್ತೆ."

ಮುಂದೆ ಆದ ಅನಾಹುತಕ್ಕೆಲ್ಲ ಬೀಜ ಈ ಒಂದು ಮಾತು. ಆಡಿದವನಿಗೆ ಮಾತ್ರ ಅದು ಆ ಹೊತ್ತಿಗೆ ಬಹಳ ಸೊಗಸಾಗಿ ಕೇಳಿಸಿತು.

ಮಾವ ಬಂದರು. ಎರಡೂ ಕಣ್ಣಿಗೆ ಪೊರೆ. ಮಗಳು ಕೈ ಹಿಡಿದು ತಂದು ತೊಟ್ಟಿಯ ಮುಂದೆ ಕುರ್ಚಿಯಲ್ಲಿ ಕೂರಿಸಿದಳು. ಮಾವ ಬಹಳ ಹೊತ್ತು ಮುಖ ಮುಂದೆ ಮಾಡಿ ನೋಡಿದರು.

"ನೀಲಿ ಕಾಣುತ್ತೆ," ಎಂದರು. "ಮಂಜು ಮುಸುಕಿದ ಹಾಗಿದೆ. ಅಗೋ, ಏನೋ ಒಂದು ಓಡಾಡ್ತಿದೆ."

"ಮೀನು ಮಾವ."

"ಒಂದೇನಾ?"

"ಸದ್ಯಕ್ಕೆ ಒಂದೇ."

"ಪಾಪ," ಎಂದರು ಮಾವ. ಅಲ್ಲಿದ್ದವರೆಲ್ಲ, ಟೀಚರಮ್ಮನೂ ಸೇರಿ, ಆ ಮೀನನ್ನು ನೋಡಿದರು. ನಿಜಕ್ಕೂ ಪಾಪ ಎನಿಸುವ ಹಾಗೆಯೇ ಅದು ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.

ಕೆಲವು ದಿನಗಳಲ್ಲಿ ಮರಳಿನ ಮೇಲೆ ಕಂದು ಧೂಳು ಕೂತಿತು. ಬರುತ್ತಪ್ಪ ಗಾಬರಿ ಬೀಳಲಿಲ್ಲ. ಆಮೇಲೆ ಕಲ್ಲಿನ ಮೇಲೆ ಹಸಿರು ಕೂದಲು ಹುಟ್ಟಿತು. ಆಗಲೂ ಗಾಬರಿ ಬೀಳಲಿಲ್ಲ. ಆ ಕೂದಲು ಬೆಳೆದು, ಉದ್ದವಾಗಿ, ಹವಳದ ಕೊರಳಿಗೇ ಸುತ್ತಿಕೊಂಡಾಗ ಮಾತ್ರ ಬಿದ್ದ. ತಣ್ಣಗೆ ಯೋಚಿಸಿ ಒಂದು ಉಪಾಯ ಕಂಡುಕೊಂಡ. ಬಚ್ಚಲ ಹಿಂದಿನ ಹಿತ್ತಿಲಲ್ಲಿ ಪಾಚಿ ಕಟ್ಟಿದರೆ ಬಿಸಿಲು ಬಿದ್ದಾಗ ತಾನೇ ಒಣಗುತ್ತದೆಯಲ್ಲವೇ? ಹಾಗೆಂದು ನೀಲಿ ದೀಪವನ್ನು ಬೆಳಗಿನಿಂದ ಮಲಗುವವರೆಗೆ ಉರಿಸಿದ, ಸಾಲದೆಂದು ಕಿಟಕಿಯ ಪರದೆಯನ್ನೂ ಸರಿಸಿದ. ನೀರಿನೊಳಗಿನ ವಸ್ತು ಒಣಗುವುದು ಹೇಗೆ ಎಂಬ ಪ್ರಶ್ನೆ ನೀರಿನ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದವನಿಗೆ ಹೊಳೆಯಲಿಲ್ಲ. ಪಾಚಿ ಹಬ್ಬ ಮಾಡಿತು.

ಮುಂದಿನ ಉಪಾಯ ಉಜ್ಜುವುದು. ಕೈಗೆ ಸಿಕ್ಕಿದ ಬ್ರಷ್ಷಿನಿಂದ ಕಲ್ಲನ್ನೆಲ್ಲ ತಿಕ್ಕಿದ.

"ಅಳಿಯಂದ್ರೇ," ಎಂದರು ಮಾವ ಮರುದಿನ ಬೆಳಗ್ಗೆ ಬಚ್ಚಲಿನಿಂದ, "ಹಲ್ಲುಜ್ಜಿದರೆ ಬಾಯೆಲ್ಲ ಉಪ್ಪುಪ್ಪು ಅನ್ನುತ್ತಲ್ಲ."

"ಉಪ್ಪು ವಸಡಿಗೆ ಒಳ್ಳೇದು ಮಾವ."

ಮಾವ ಒಪ್ಪಿಕೊಂಡರು. ಕಣ್ಣು ಕಾಣದ ದಿನಗಳಲ್ಲಿ ಅವರು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದರು. ತೊಟ್ಟಿ ಹಸಿರಾದಂತೆಲ್ಲ, "ಇವತ್ತು ನೀರು ಆಳವಾಗಿದೆ" ಎನ್ನುತ್ತಿದ್ದರು. ಬರುತ್ತಪ್ಪನಿಗೆ ಅದೇ ಸಂಕಟ. ಆಪರೇಷನ್ನಿನ ದಿನ ಗೊತ್ತಾಗಿತ್ತು. ಕಟ್ಟು ಬಿಚ್ಚಿದ ಕೂಡಲೇ ಮಾವ ಮೊದಲು ನೋಡುವುದು ಇದನ್ನೇ. ಷಡ್ಡಕನ ಮನೆಯಲ್ಲಿ ಬಂಗಾರ, ಇಲ್ಲಿ ಬಚ್ಚಲು.

ಅವನು ಅಂಗಡಿಗೆ ಓಡಿದ.

"ಎಷ್ಟು ಊಟ ಹಾಕ್ತೀರಿ ಸಾರ್?" ಎಂದು ಕೇಳಿದ ಅಂಗಡಿಯವನು. "ಮೀನು ತಿಂದು ಮಿಕ್ಕಿದ್ದೆಲ್ಲಾ ಕೊಳೆತು ಪಾಚಿಗೇ ಹೋಗೋದು."

"ದಿನಕ್ಕೆ ಒಂದು ಚಿಟಿಕೆ. ನನ್ನ ಕೈಯಾರೆ."

"ಹಾಗಾದ್ರೆ ಇಷ್ಟು ಬೇಗ ಮತ್ತೊಂದು ಡಬ್ಬಿ ಯಾಕೆ ಬೇಕು ನಿಮಗೆ?"

"ಅದನ್ನ ನಾನು ಕೇಳಬೇಕು. ನಿಮ್ಮ ಡಬ್ಬೀಲಿ ಅರ್ಧ ಗಾಳಿನೇ ಇರುತ್ತೆ."

ಅಂಗಡಿಯವನು ನಿಟ್ಟುಸಿರು ಬಿಟ್ಟು, "ದೀಪ ಕಡಿಮೆ ಉರಿಸಿ, ಒಂದಿಷ್ಟು ನೀರು ಬದಲಾಯಿಸಿ, ನಲ್ಲಿ ನೀರು ಮಾತ್ರ ಬೇಡ" ಎಂದು ಮತ್ತೆ ಹೇಳಿದ. ಬರುತ್ತಪ್ಪ ಮೂರು ಮಾತಿನಲ್ಲಿ ನಡುವಿನದನ್ನು ಮಾತ್ರ ನೆನಪಿಟ್ಟುಕೊಂಡ. ಮನೆಗೆ ಬಂದು ಹಸಿರು ನೀರನ್ನು ಬಕೆಟ್ಟಿಗೆ ಬಸಿದು, ಕೆಳಗೆ ಚೆಲ್ಲೋಣವೆಂದು ಮೆಟ್ಟಿಲ ಬುಡದಲ್ಲಿದ್ದ ನಲ್ಲಿಯ ಕೆಳಗೇ ಇಟ್ಟು, ಇನ್ನೊಂದು ಬಕೆಟ್ ತರಲು ಮೇಲೆ ಹತ್ತಿದ.

ಆಗ ಟೀಚರಮ್ಮ ಬಾಗಿಲು ತೆರೆದರು. ನಲ್ಲಿ ಕಂಡರು. ಅದರ ಕೆಳಗೆ ಪಚ್ಚೆ ಹಸಿರು ನೀರು ತುಂಬಿದ ಬಕೆಟ್ ಕಂಡರು. ಮೇಲಿನಿಂದ ಬರುತ್ತಪ್ಪ ಹೆಂಡತಿಗೆ, "ನೀರು ಹಸಿರಾಗಿರೋದು ಯಾರಿಗೂ ಹೇಳಬೇಡ, ಮಾನ ಹೋಗುತ್ತೆ" ಎನ್ನುವುದು ಕೇಳಿಸಿತು. ಮೂರನ್ನೂ ಕೂಡಿಸಿದರು. ಜೀವಮಾನವೆಲ್ಲ ಗಣಿತ ಕಲಿಸಿದವರು, ಕೂಡಿಸುವುದರಲ್ಲಿ ತಪ್ಪುವವರಲ್ಲ.

ಮರುದಿನ ಕೌಂಟರಿನ ಮುಂದೆ ಬೀದಿಗೆ ಬೀದಿಯೇ ನಿಂತಿತ್ತು. ಮುಂದಾಳು ಟೀಚರಮ್ಮ, ಕೈಯಲ್ಲಿ ಒಂದು ಬಾಟಲಿ. ಅದನ್ನು ಬರುತ್ತಪ್ಪನ ಮೂಗಿನ ಮುಂದೆ ಇಟ್ಟರು.

"ಇದೇನು?"

ಬರುತ್ತಪ್ಪ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ತನ್ನದೇ ಸಮುದ್ರವನ್ನು ಗುರುತು ಹಿಡಿಯಲು ಅವನಿಗೆ ಕಷ್ಟವಾಗಲಿಲ್ಲ. ಬಾಟಲಿಯ ತಳದಲ್ಲಿ ಮೀನಿನ ಊಟದ ಒಂದು ಕೆಂಪು ಚೂರೂ ಇತ್ತು. ಸತ್ಯ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಗಲಾಟೆ ಕೇಳಿ ಇಂಜಿನಿಯರು ಒಳಗಿನಿಂದ ಬಂದರು. ಬರುತ್ತಪ್ಪನ ಬಾಯಿ ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು.

"ನಮ್ಮ ನಲ್ಲಿ ನೀರು," ಎಂದರು ಟೀಚರಮ್ಮ. "ನಿಮ್ಮ ಆಫೀಸಿನವರ ಮನೇಲೇ ಹೀಗೆ ಬರ್ತಿದೆ. ಮುಚ್ಚಿಡ್ತಿದಾರೆ."

ಇಂಜಿನಿಯರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಮೂಸಿದರು. ಜನ ನೋಡುತ್ತಿದ್ದರು. ಇಷ್ಟು ಜನರ ಮುಂದೆ ಅಧಿಕಾರಿ ಏನಾದರೂ ಮಾಡಲೇಬೇಕು. ಅವರು ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಮುಖದ ಬಣ್ಣವೇ ಬದಲಾಯಿತು.

"ಉಪ್ಪು."

"ಏನಂದ್ರಿ?"

"ಉಪ್ಪು ನೀರು. ಸಮುದ್ರದ ನೀರು."

ಅಲ್ಲಿಂದ ಸಮುದ್ರಕ್ಕೆ ರೈಲಿನಲ್ಲಿ ಒಂದು ಹಗಲಿನ ದಾರಿ. ಅಷ್ಟು ದೂರದಿಂದ ಅದು ಯಾವ ಪೈಪಿನಲ್ಲಿ ನುಸುಳಿ, ಯಾವ ಗುಡ್ಡ ಹತ್ತಿ, ಈ ಒಂದೇ ಬೀದಿಗೆ ಬಂತು ಎಂದು ಚರ್ಚಿಸಲು ಇಂಜಿನಿಯರು ಬಾಗಿಲು ಮುಚ್ಚಿಕೊಂಡು ಸಭೆ ನಡೆಸಿದರು. ಗೋಡೆಯ ನಕ್ಷೆ ಕೆಳಗಿಳಿಯಿತು. ಹಿರಿಯ ಫಿಟ್ಟರನೊಬ್ಬ, ಹಳೇ ಕಾಲದಲ್ಲಿ ಇಲ್ಲೆಲ್ಲ ಸಮುದ್ರವೇ ಇತ್ತಂತೆ ಎಂದು ಹೇಳಿದ್ದು ಯಾರಿಗೂ ನೆಮ್ಮದಿ ತರಲಿಲ್ಲ. ಬರುತ್ತಪ್ಪ ಸಭೆಗೆ ನೀರು ತಂದುಕೊಟ್ಟ. ಯಾರೂ ಕುಡಿಯಲಿಲ್ಲ. ಕೊನೆಗೆ ಆ ಬೀದಿಯ ವಾಲ್ವ್ ಮುಚ್ಚಬೇಕೆಂದು ಅಪ್ಪಣೆಯಾಯಿತು.

ಸಂಜೆ ಮನೆಗೆ ಬರುವಾಗ ಬೀದಿಯ ತುಂಬ ಖಾಲಿ ಕೊಡಗಳ ಸಾಲು ನಿಂತಿತ್ತು. ಪಕ್ಕದ ಬೀದಿಯಿಂದ ನೀರು ಹೊತ್ತು ತಂದ ಹೆಂಡತಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಕೆಳಮನೆಯ ಹೊಸಿಲಲ್ಲಿ ಟೀಚರಮ್ಮ ಸೊಂಟ ಹಿಡಿದುಕೊಂಡಿದ್ದರು. ಅವರೂ ಒಂದು ಕೊಡ ಹೊತ್ತಿದ್ದರು. ಬೈದಿದ್ದರೆ ಬರುತ್ತಪ್ಪ ತಡೆದುಕೊಳ್ಳುತ್ತಿದ್ದನೇನೋ. ಯಾರೂ ಬೈಯಲಿಲ್ಲ.

"ನಿಮಗೂ ಪಾಪ ಏನು ಗೊತ್ತಿರುತ್ತೆ," ಎಂದರು ಟೀಚರಮ್ಮ. "ಕೌಂಟರಲ್ಲಿ ಕೂರೋರು."

ಅಷ್ಟು ಸಾಕಾಯಿತು. ಬರುತ್ತಪ್ಪ ಮೆಟ್ಟಿಲ ಬುಡದಲ್ಲೇ ನಿಂತು ಎಲ್ಲ ಹೇಳಿದ. ಉಪ್ಪಿನ ಚೀಲ, ಬಕೆಟ್ಟು, ಷಡ್ಡಕ, ಬಂಗಾರದ ಮೀನು, ಯಾವುದನ್ನೂ ಬಿಡಲಿಲ್ಲ. ವಾಲ್ವ್ ಪರೀಕ್ಷೆಗೆಂದು ಬಂದಿದ್ದ ಇಂಜಿನಿಯರು ಬೆನ್ನ ಹಿಂದೆಯೇ ನಿಂತು ಕೇಳಿಸಿಕೊಂಡದ್ದು ಅವನಿಗೆ ತಿಳಿಯಲಿಲ್ಲ.

"ಅಂದ್ರೆ," ಎಂದರು ಇಂಜಿನಿಯರು, ಕಿರುಬೆರಳನ್ನು ನೋಡಿಕೊಳ್ಳುತ್ತ, "ನಾನು ನೆಕ್ಕಿದ್ದು ನಿಮ್ಮ ಮೀನಿನ ನೀರು."

"ಹೌದು ಸಾರ್."

"ಎಲ್ಲಿದೆ ಆ ಮೀನು?"

ಎಲ್ಲರೂ ಮೇಲೆ ಹೋದರು. ಬರುತ್ತಪ್ಪ ಬಲಿಗೆ ಹೊರಟ ಕುರಿಯಂತೆ ಮುಂದೆ ನಡೆದ. ಹಸಿರು ಕಾಡಿನ ನಡುವೆ ಕಿತ್ತಳೆ ಬಣ್ಣದ ಮೀನು ಬಂದು ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆಯಿತು. ಇಂಜಿನಿಯರು ಬಗ್ಗಿ ಅದನ್ನೇ ನೋಡಿದರು. ಅವರ ಮುಖದಲ್ಲಿದ್ದ ಅಮಾನತ್ತಿನ ಆದೇಶ ನಿಧಾನವಾಗಿ ಕರಗಿತು.

"ಪಾಪ, ಹಸಿದಿದೆ," ಎಂದು ಅಲ್ಲೇ ಇದ್ದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಹಾಕಿದರು.

"ಅಯ್ಯೋ, ಈಗ ತಾನೆ ಹಾಕಿದೆ," ಎಂದಳು ಹೆಂಡತಿ.

ಬರುತ್ತಪ್ಪ ತಿರುಗಿದ. "ನೀನಾ?"

"ಹೊಲಿಗೆ ಮಧ್ಯೆ ಬಂದಾಗೆಲ್ಲ ಒಂದು ಚೂರು. ಅದು ನನ್ನನ್ನ ನೋಡಿದ್ರೆ ಬಾಯಿ ಬಿಡುತ್ತೆ ರೀ. ನೀವು ಬೆಳಗ್ಗೆ ಹಾಕಿದ್ದು ಅದಕ್ಕೆ ಎಲ್ಲಿ ಸಾಕು?"

ಟೀಚರಮ್ಮ ಗಂಟಲು ಸರಿ ಮಾಡಿಕೊಂಡರು. "ಮಧ್ಯಾಹ್ನ ನಿಮ್ಮ ಮಾವನೋರ ಹತ್ರ ಮಾತಾಡೋಕೆ ಬರ್ತೀನಲ್ಲ. ಅವಾಗ ನಾನೂ ಒಂದಿಷ್ಟು. ಬರೀ ಕೈಯಲ್ಲಿ ಹೇಗೆ ಬರೋದು ಅಂತ."

ಎಲ್ಲರೂ ಕುರ್ಚಿಯಲ್ಲಿದ್ದ ಮಾವನ ಕಡೆ ನೋಡಿದರು. ಕಣ್ಣು ಕಾಣದಿದ್ದರೂ ಎಲ್ಲರೂ ನೋಡುತ್ತಿದ್ದಾರೆಂದು ಮಾವನಿಗೆ ತಿಳಿಯಿತು.

"ನಾನು ಅಡುಗೆಯವನು," ಎಂದರು ನಿಧಾನವಾಗಿ. "ಎದುರಿಗೆ ಇರೋರು ಉಂಡಿದಾರೋ ಇಲ್ವೋ ಅಂತ ಗೊತ್ತಾಗದೇ ಇದ್ರೆ ನನಗೆ ಅನ್ನ ಇಳಿಯಲ್ಲ. ನನಗೆ ಕಾಣಲ್ಲ ನೋಡಿ. ಅದಕ್ಕೆ ನನ್ನ ಪ್ರತಿ ಊಟಕ್ಕೂ ಮೊದಲು ಅದಕ್ಕೆ ಹಾಕಿಬಿಡ್ತಿದ್ದೆ. ಕೈ ಅಳತೆ ಸ್ವಲ್ಪ ದೊಡ್ಡದು. ಹಡಗಿನ ಅಳತೆ."

ಮೀನು ಇಂಜಿನಿಯರ ಚಿಟಿಕೆಯನ್ನು ಮೂಸಿಯೂ ನೋಡಲಿಲ್ಲ. ಅದು ಹಾಗೆಯೇ ತೇಲಿ ಇಳಿದು ಪಾಚಿಯ ಮಡಿಲಿಗೆ ಬಿತ್ತು. ಹೆಬ್ಬೆರಳಷ್ಟು ಜೀವಕ್ಕೆ ಒಂದು ಬೀದಿಯೇ ಕದ್ದುಮುಚ್ಚಿ ಊಟ ಹಾಕಿದ್ದರಿಂದ ಈ ಕಾಡು ಬೆಳೆದಿತ್ತು. ಇಂಜಿನಿಯರು ಮೊದಲು ನಕ್ಕರು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಕತ್ತಲಾಗುವ ಮೊದಲೇ ವಾಲ್ವ್ ತೆರೆಯಿತು. ಸಮುದ್ರ ತಾನಾಗಿ ಹಿಂದೆ ಸರಿದಿದೆ ಎಂದು ಇಲಾಖೆ ಜನರಿಗೆ ತಿಳಿಸಿತು. ಸುಳ್ಳೆಂದು ಹೇಳುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಕಟ್ಟುನಿಟ್ಟು. ಊಟದ ಡಬ್ಬಿ ಟೀಚರಮ್ಮನ ಸುಪರ್ದಿಗೆ ಹೋಯಿತು. ಅವರ ಹತ್ತಿರ ಒಂದು ಚಿಟಿಕೆ ಹೆಚ್ಚು ಕೇಳುವ ಧೈರ್ಯ ಯಾರಿಗಿದೆ? ಹೆಂಡತಿ ದಪ್ಪ ಬಟ್ಟೆಯ ಪರದೆ ಹೊಲಿದು ಕಿಟಕಿಗೆ ಹಾಕಿದಳು. ದೀಪ ಮಧ್ಯಾಹ್ನದಿಂದ ಸಂಜೆಯವರೆಗೆ ಮಾತ್ರ. ಬರುತ್ತಪ್ಪ ಅಂಗಡಿಗೆ ಹೋಗಿ ತಲೆ ತಗ್ಗಿಸಿ, "ಆ ಫಿಲ್ಟರ್ ನೀರು ಕೊಡಿ" ಎಂದ. ಅಂಗಡಿಯವನು ದೊಡ್ಡ ಮನಸ್ಸು ಮಾಡಿ ಇಲಾಖೆಯ ವಿಷಯ ಎತ್ತಲಿಲ್ಲ. ಪಾಚಿ ಮೇಯಲೆಂದು ಒಂದಷ್ಟು ಬಸವನಹುಳುಗಳನ್ನೂ ಕೊಟ್ಟ. ಅವು ಸರ್ಕಾರಿ ವೇಗದಲ್ಲಿ ಕೆಲಸಕ್ಕೆ ತೊಡಗಿದವು. ದಿನವೂ ಬೆಳಗ್ಗೆ ಬರುತ್ತಪ್ಪ ತೋಳು ಮಡಚಿ, ಪಾಚಿಯನ್ನು ಕೈಯಿಂದ ಎಳೆದೆಳೆದು ತೆಗೆದ. ಕಡಿಮೆಯಾಯಿತು, ಹೋಗಲಿಲ್ಲ. ಅಷ್ಟರಲ್ಲಿ ಆಪರೇಷನ್ನಿನ ದಿನ ಬಂದೇಬಿಟ್ಟಿತು.

ಕಟ್ಟು ಬಿಚ್ಚಿಸಿಕೊಂಡು ಮಾವ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಮೊದಲು ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನಿನ್ನ ತಲೇಲಿ ಬಿಳಿ ಕೂದಲು ಬಂದಿದೆಯಲ್ಲೇ."

"ಯಾವತ್ತೋ ಬಂತಪ್ಪ."

"ಯಾರೂ ನನಗೆ ಹೇಳಲೇ ಇಲ್ಲ," ಎಂದು ಅವಳ ತಲೆ ಮುಟ್ಟಿದರು. ಆಮೇಲೆ ಅಳಿಯನನ್ನು ನೋಡಿದರು. "ನೀವು ದಪ್ಪ ಆಗಿದೀರಿ ಅಂದ್ಕೊಂಡಿದ್ದೆ. ದನಿ ಹಾಗಿದೆ."

ಕೊನೆಗೆ ತೊಟ್ಟಿಯ ಮುಂದೆ ನಿಂತರು. ಕಲ್ಲಿನ ಒಂದು ಮಗ್ಗುಲು ಬೋಳಾಗಿತ್ತು, ಇನ್ನೊಂದು ಮಗ್ಗುಲಿನ ತುಂಬ ಹಸಿರು ಕೂದಲು ಓಲಾಡುತ್ತಿತ್ತು. ಹವಳದ ತುಂಡು ಜ್ವರ ಬಿಟ್ಟ ಮಗುವಿನ ಹಾಗೆ ಪೇಲವವಾಗಿ ಒಂದೆರಡು ಎಸಳು ಬಿಚ್ಚಿತ್ತು.

"ಇದು ಪಾಚಿನಾ?"

"ಹೌದು ಮಾವ. ನಿಮಗೆ ಹೇಳೋಕೆ ನಾಚಿಕೆ ಆಯ್ತು. ಕ್ಲೀನ್ ಮಾಡಿಬಿಡೋಣ ಅಂತ ಎಷ್ಟು ಒದ್ದಾಡಿದ್ರೂ..."

"ನಾನು ಇದನ್ನ ದ್ವೀಪ ಅಂದ್ಕೊಂಡಿದ್ದೆ," ಎಂದರು ಮಾವ. "ದಿನಾ ನೋಡ್ತಿದ್ದೆ. ದೂರದಲ್ಲಿ ಹಸಿರಾಗಿ ಒಂದು ದ್ವೀಪ. ದಿನದಿಂದ ದಿನಕ್ಕೆ ಹತ್ತಿರ ಬರ್ತಾ ಇದೆ, ಇವತ್ತೋ ನಾಳೆಯೋ ಇಳಿಯಬಹುದು ಅಂತ."

ಮಾವ ಅಂಗಿಯ ತೋಳು ಮೇಲೆ ಮಡಚಿದರು.

"ಕಣ್ಣಿಗೆ ನೀರು ತಾಗಬಾರದು ಅಂದಿದಾರೆ ಅಪ್ಪ," ಎಂದಳು ಮಗಳು.

"ಕೈಗೆ ತಾಗಬಾರದು ಅಂದಿಲ್ಲವಲ್ಲ," ಎಂದರು ಮಾವ.

ಅಂದಿನಿಂದ ಬೆಳಗ್ಗೆ ಮಾವ ಒಂದು ಬದಿ, ಅಳಿಯ ಒಂದು ಬದಿ ಕುರ್ಚಿ ಹಾಕಿಕೊಂಡು ಪಾಚಿ ಕೀಳುವುದು ಅಭ್ಯಾಸವಾಯಿತು. ಅಲ್ಲಿಯವರೆಗೆ ಈ ಇಬ್ಬರು ಒಟ್ಟಿಗೆ ಆಡಿದ ಮಾತೆಲ್ಲ ಸೇರಿಸಿದರೆ ಒಂದು ಲೋಟ ತುಂಬುತ್ತಿರಲಿಲ್ಲ. ಈಗ ಮಾವ ಬಿರುಗಾಳಿಯಲ್ಲಿ ಸಾರಿನ ಪಾತ್ರೆಯನ್ನು ಅಪ್ಪಿಕೊಂಡು ಕೂತ ಕಥೆ ಹೇಳುತ್ತಿದ್ದರು. ಬರುತ್ತಪ್ಪ ಕೌಂಟರಿನ ಬಿರುಗಾಳಿಗಳನ್ನು ಹೇಳುತ್ತಿದ್ದ. ಎರಡನೇ ಕಣ್ಣಿನ ಆಪರೇಷನ್ನೂ ಆಯಿತು. ಕೀಳಲು ಪಾಚಿ ಉಳಿಯದ ಒಂದು ಬೆಳಗ್ಗೆಯೂ ಬಂತು. ಆಗಲೂ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತರು.

ಅಂಥ ಒಂದು ಬೆಳಗ್ಗೆ ಮಾವನ ಹೊಸ ಕಣ್ಣಿಗೆ ಕಲ್ಲಿನ ಮೂಲೆಯಲ್ಲಿ ಒಂದು ಕಲೆ ಕಂಡಿತು. ಸಾಸಿವೆ ಗಾತ್ರ, ನೇರಳೆ ಬಣ್ಣ. ಮರುದಿನ ಪಕ್ಕದಲ್ಲಿ ಇನ್ನೊಂದು. ಬರುತ್ತಪ್ಪ ಕಂಗಾಲಾಗಿ ಅಂಗಡಿಯವನನ್ನೇ ಮನೆಗೆ ಎಳೆದು ತಂದ.

ಅಂಗಡಿಯವನು ಮೂಗು ಗಾಜಿಗೆ ಒತ್ತಿ ನೋಡಿ, ಸೊಂಟ ನೆಟ್ಟಗೆ ಮಾಡಿದ. "ಇದೂ ಪಾಚಿನೇ ಸಾರ್."

ಬರುತ್ತಪ್ಪ ಕುಸಿದು ಕೂತ.

"ಆದ್ರೆ ಇದನ್ನ ಕೀಳಬಾರದು. ಎಲ್ಲರೂ ಇದಕ್ಕೇ ಕಾಯ್ತಾರೆ. ಇದು ಬಂತು ಅಂದ್ರೆ ನೀರು ಹದಕ್ಕೆ ಬಂತು ಅಂತ ಅರ್ಥ. ಹೀಗೇ ಬಿಟ್ರೆ ನಿಧಾನವಾಗಿ ಕಲ್ಲೆಲ್ಲಾ ನೇರಳೆ ಬಣ್ಣಕ್ಕೆ ತಿರುಗುತ್ತೆ."

ಅದೇ ವಾರ ಷಡ್ಡಕ ಮಾವನನ್ನು ಕರೆದುಕೊಂಡು ಹೋಗಲು ಬಂದ. ತಾನು ಬರುತ್ತಪ್ಪನ ಎದೆಯ ಮುಳ್ಳು ಎಂಬುದು ಅವನಿಗೆ ಎಂದೂ ಗೊತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಹಣ್ಣು ತಂದಿದ್ದ. ತೊಟ್ಟಿಯನ್ನು ನೋಡಿ ಮನಸಾರೆ ಹೊಗಳಿದ. ಬರುತ್ತಪ್ಪನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಬಾಗಿಲ ಹತ್ತಿರ ಕಟ್ಟಿಟ್ಟಿದ್ದ ಮಾವನ ಚೀಲದ ಕಡೆಗೇ ಅವನ ಕಣ್ಣು ಹೋಗುತ್ತಿತ್ತು.

"ಹೊರಡೋಣ್ವಾ ಮಾವ?" ಎಂದ ಷಡ್ಡಕ. "ಎರಡೂ ಕಣ್ಣೂ ಸರಿಹೋಯ್ತಲ್ಲ."

ಮಾವ ಕುರ್ಚಿಯಿಂದ ಏಳಲಿಲ್ಲ. "ಇಲ್ಲೊಂದು ಕೆಲಸ ಬಾಕಿ ಇದೆ. ಆ ಕಲ್ಲು ಪೂರ್ತಿ ನೇರಳೆ ಆಗೋದನ್ನ ನೋಡಬೇಕು. ಆಮೇಲೆ ಬರ್ತೀನಿ."

"ಎಷ್ಟು ದಿನ ಬೇಕು ಅದಕ್ಕೆ?"

ಮಾವ ಬರುತ್ತಪ್ಪನನ್ನು ನೋಡಿದರು. ಅಂಗಡಿಯವನು ಹೇಳಿದ್ದು ಇಬ್ಬರಿಗೂ ನೆನಪಿತ್ತು. ಷಡ್ಡಕನಿಗೆ ಸುಳ್ಳು ಹೇಳಲು ಬರುತ್ತಪ್ಪನಿಗೆ ಮನಸ್ಸಾಗಲಿಲ್ಲ.

"ಒಂದೆರಡು ವರ್ಷ ಆಗಬಹುದು ಅಂತಾರೆ," ಎಂದ.

"ಕಲ್ಲು ಸಣ್ಣದು," ಎಂದರು ಮಾವ ಆಲೋಚಿಸುತ್ತ. "ಅಳಿಯಂದ್ರೇ, ಇನ್ನೊಂದು ಕಲ್ಲು ಹಾಕಿಸಿ."

ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಹೊರಗೆ ಬಂದು, ಯಾರಿಗೂ ಏನೂ ಹೇಳದೆ, ಬಾಗಿಲ ಬಳಿಯಿದ್ದ ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು.